ಹಸಿವಿನ ಹಾದಿಯಲ್ಲಿ ಸಿಕ್ಕ ಭರವಸೆ: ಪಂಡಿತಾ ರಮಾಬಾಯಿಯವರ ಬದುಕು

ಸಹ್ಯಾದ್ರಿಯ ಭೀಮಾಶಂಕರದಲ್ಲಿ ಹುಟ್ಟುವ ಭೀಮಾ ನದಿ ಪುಣೆ ಜಿಲ್ಲೆಯ ದೌಂಡ್ ಸೀಮೆಯನ್ನು ತೋಯಿಸಿ, ಪಂಢರಪುರವನ್ನು ಬಳಸಿ, ಗಡಿ ದಾಟಿ ಅಫಜಲಪುರದ ನೆಲಕ್ಕೆ ಬರುತ್ತದೆ. ಗಾಣಗಾಪುರದ ಬಳಿ ಆಳಂದದ ಕಡೆಯಿಂದ ಬರುವ ಅಮರ್ಜಾ ಹೊಳೆಯನ್ನು ಕೂಡಿಸಿಕೊಂಡು ಜೇವರ್ಗಿಯತ್ತ ಸಾಗುತ್ತದೆ. ಪುಣೆಯಿಂದ ದೌಂಡ್, ಸೊಲ್ಲಾಪುರ, ಕಲಬುರಗಿ ಮಾರ್ಗವಾಗಿ ಓಡುವ ರೈಲು ಹಳಿಯೂ ಹೆಚ್ಚುಕಡಿಮೆ ಇದೇ ದಿಕ್ಕನ್ನು ಹಿಡಿದಿದೆ. ಈ ಹಳಿಯ ಮೇಲೆ, ದೌಂಡ್ ತಾಲ್ಲೂಕಿನ ಕೇಡಗಾಂವ್ ಎಂಬ ಪುಟ್ಟ ನಿಲ್ದಾಣದ ಪಕ್ಕದಲ್ಲಿ, ನೂರಿಪ್ಪತ್ತು ವರ್ಷಗಳಿಗೂ ಹಿಂದೆ ಒಬ್ಬ ವಿಧವೆ ಬರಗಾಲದಲ್ಲಿ ಬೀದಿಪಾಲಾದ ಸಾವಿರಾರು ಹೆಣ್ಣುಮಕ್ಕಳಿಗೆ ಒಂದು ಮನೆ ಕಟ್ಟಿದರು. ತಮ್ಮ ಬದುಕಿನ ಇಳಿಹೊತ್ತಿನಲ್ಲಿ ಅದೇ ಕೆಲಸವನ್ನು ಕಲಬುರಗಿಯವರೆಗೂ ವಿಸ್ತರಿಸಿದರು. ಅವರೇ ಪಂಡಿತಾ ರಮಾಬಾಯಿ.

ಮಹಾರಾಷ್ಟ್ರದ ಸಮಾಜ ಸುಧಾರಕಿ ಎಂದೇ ಪಠ್ಯಪುಸ್ತಕಗಳು ಪರಿಚಯಿಸುವ ಈ ಮಹಿಳೆ ಹುಟ್ಟಿದ್ದು ಕನ್ನಡ ನೆಲದಲ್ಲಿ. ಕೊನೆಯ ದೊಡ್ಡ ಪ್ರಯತ್ನಗಳಲ್ಲಿ ಒಂದನ್ನು ಮಾಡಿದ್ದೂ ಕನ್ನಡ ನೆಲದಲ್ಲಿಯೇ. ಇವೆರಡರ ನಡುವಿನ ಬದುಕು ಸಾವು, ಹಸಿವು, ಒಂಟಿತನ, ನಿಂದೆಗಳಿಂದ ತುಂಬಿದ್ದಿತು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕಡೆಗೆ ಒಬ್ಬಳೇ ಮಗಳು, ಹೀಗೆ ತನ್ನವರೆನ್ನುವ ಎಲ್ಲರನ್ನೂ ಅವರು ಕಣ್ಣೆದುರೇ ಕಳೆದುಕೊಂಡರು. ಅಂತಹ ಬದುಕಿನಲ್ಲಿ ಭರವಸೆ ಎಲ್ಲಿಂದ ಬಂದೀತು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಕ್ರೈಸ್ತ ಶ್ರದ್ಧೆ. ಆದರೆ ಆ ಶ್ರದ್ಧೆ ಅವರಿಗೆ ಸುಲಭವಾಗಿ ಸಿಗಲಿಲ್ಲ, ಸಿಕ್ಕ ಮೇಲೆ ಕಷ್ಟಗಳನ್ನು ಕಡಿಮೆ ಮಾಡಲೂ ಇಲ್ಲ. ಅವರ ಬದುಕಿನ ಹಿರಿಮೆ ಇರುವುದು ಇಲ್ಲಿಯೇ.

ಗಂಗಾಮೂಲದ ಮಗಳು

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣ ಮನೆತನದವರು. ತಾರುಣ್ಯದಲ್ಲಿ ಪುಣೆಗೆ ಹೋಗಿ ಸಂಸ್ಕೃತ ಕಲಿತರು. ಅವರ ಗುರುಗಳು ಪೇಶ್ವೆ ಎರಡನೆಯ ಬಾಜಿರಾವನ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದರು. ಹೆಣ್ಣೊಬ್ಬಳು ದೇವಭಾಷೆಯನ್ನು ಕಲಿಯುವುದನ್ನು ಕಂಡ ಆ ಯುವಕನಿಗೆ ತನ್ನ ಮನೆಯ ಹೆಣ್ಣುಮಕ್ಕಳೂ ಕಲಿಯಬೇಕೆಂಬ ಹಂಬಲ ಹುಟ್ಟಿತು. ಊರಿಗೆ ಮರಳಿದ ಮೇಲೆ ಹೆಂಡತಿ ಲಕ್ಷ್ಮೀಬಾಯಿಗೆ ಪಾಠ ಆರಂಭಿಸಿದರು. ಸಂಪ್ರದಾಯಸ್ಥರು ಕೆರಳಿದರು. ಉಡುಪಿಯಲ್ಲಿ ವಿದ್ವಾಂಸರ ಸಭೆ ಸೇರಿತು. ಸ್ತ್ರೀಯರಿಗೆ ಕಾವ್ಯ ಪುರಾಣಗಳನ್ನು ಕಲಿಸುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲವೆಂದು ಅನಂತ ಶಾಸ್ತ್ರಿಗಳು ಗ್ರಂಥಾಧಾರಗಳೊಂದಿಗೆ ವಾದಿಸಿದರು.

ವಾದ ನಿಂತರೂ ಊರಿನ ಮುನಿಸು ನಿಲ್ಲಲಿಲ್ಲ. ದಂಪತಿಗಳು ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ದಟ್ಟ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡರು. ಇಂದು ಆ ಜಾಗ ಕುದುರೆಮುಖದ ಅರಣ್ಯ ಪ್ರದೇಶದಲ್ಲಿದೆ. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದರು. ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ಕುಟುಂಬವು ಆಶ್ರಮ ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ಅಲ್ಲಿಂದ ಮುಂದೆ ಅವರಿಗೆ ಮನೆಯೆಂಬುದು ಇರಲಿಲ್ಲ. ದೇವಸ್ಥಾನದ ಜಗಲಿ, ನದಿಯ ಘಟ್ಟ, ಮರದ ನೆರಳುಗಳಲ್ಲಿ ಕುಳಿತು ಪುರಾಣ ಹೇಳುವುದು, ಕೇಳುಗರು ಕೊಟ್ಟದ್ದರಲ್ಲಿ ಬದುಕುವುದು, ಉಳಿದದ್ದನ್ನು ದಾನಧರ್ಮಕ್ಕೆ ವ್ಯಯಿಸುವುದು, ಇದೇ ಜೀವನಕ್ರಮವಾಯಿತು. ನಸುಕಿನಲ್ಲಿ ತಾಯಿ ಮಗಳನ್ನೆಬ್ಬಿಸಿ ಪಾಠ ಹೇಳುತ್ತಿದ್ದರು. ಹನ್ನೆರಡರ ಹರೆಯಕ್ಕೆ ಆ ಹುಡುಗಿಗೆ ಹದಿನೆಂಟು ಸಾವಿರ ಶ್ಲೋಕಗಳು ಕಂಠಸ್ಥವಾಗಿದ್ದವು. ಸುತ್ತಾಟದಿಂದಲೇ ಮರಾಠಿ, ಕನ್ನಡ, ಹಿಂದುಸ್ತಾನಿ ಭಾಷೆಗಳು ನಾಲಗೆಗೆ ಹತ್ತಿದವು.

ಬರಗಾಲದ ದಾರಿ

1870ರ ದಶಕದಲ್ಲಿ ದಕ್ಷಿಣ ಭಾರತವನ್ನು ಭೀಕರ ಕ್ಷಾಮ ಆವರಿಸಿತು. ಮದ್ರಾಸ್ ಪ್ರಾಂತ್ಯ, ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ್ಯದ ದಕ್ಷಿಣ ಜಿಲ್ಲೆಗಳು ಮತ್ತು ನಿಜಾಮರ ಹೈದರಾಬಾದ್ ಸೀಮೆಯ ಹಳ್ಳಿಗಳು ಬರಿದಾದವು. ಡೋಂಗ್ರೆ ಕುಟುಂಬದ ಕೈಯಲ್ಲಿದ್ದ ಹಣವೆಲ್ಲ ವ್ರತ, ದಾನಗಳಲ್ಲಿ ಮುಗಿದುಹೋಗಿತ್ತು. ಕೂಲಿ ಮಾಡಿ ಅಭ್ಯಾಸವಿರಲಿಲ್ಲ, ಬೇಡುವುದಕ್ಕೆ ಮನಸ್ಸು ಒಪ್ಪಲಿಲ್ಲ. ಒಂದೊಂದಾಗಿ ಪಾತ್ರೆ, ಒಡವೆ, ಬಟ್ಟೆಗಳು ಮಾರಾಟವಾದವು. ಕೊನೆಗೆ ಸಾಯುವ ನಿರ್ಧಾರದಿಂದ ಕಾಡು ಹೊಕ್ಕರು. ಹನ್ನೊಂದು ಹಗಲು, ಹನ್ನೊಂದು ರಾತ್ರಿ ನೀರು, ಎಲೆ ಮತ್ತು ಹಿಡಿಯಷ್ಟು ಈಚಲು ಹಣ್ಣಿನಲ್ಲಿ ಜೀವ ಹಿಡಿದರು.

ವೃದ್ಧನಾಗಿದ್ದ, ದೃಷ್ಟಿ ಕಳೆದುಕೊಂಡಿದ್ದ ತಂದೆ ತೀರ್ಥದಲ್ಲಿ ಮುಳುಗಿ ಪ್ರಾಣ ಬಿಡಲು ಹೊರಟಾಗ ಮಗ ಶ್ರೀನಿವಾಸ ತಡೆದರು. ಜಾತಿಯ ಹೆಮ್ಮೆಯನ್ನು ಬದಿಗಿಟ್ಟು ದುಡಿಯುತ್ತೇನೆಂದು ಹೇಳಿದರು. ಆದರೆ ಆ ವೇಳೆಗೆ ಕಾಲ ಮೀರಿತ್ತು. ತಂದೆ ತೀರಿಕೊಂಡರು. ಕೆಲವೇ ವಾರಗಳಲ್ಲಿ ತಾಯಿಯೂ ಹೊರಟುಹೋದರು. ತಾಯಿಯ ಚಟ್ಟಕ್ಕೆ ಹೆಗಲು ಕೊಡಲು ನಾಲ್ವರು ಸಿಗಲಿಲ್ಲ. ಇಬ್ಬರು ಬ್ರಾಹ್ಮಣರು ಮರುಗಿ ಬಂದರು, ಮೂರನೆಯವರು ಮಗ. ನಾಲ್ಕನೆಯ ಹೆಗಲು ರಮಾಳದು. ಎತ್ತರ ಸಾಲದ್ದರಿಂದ ಆ ಹುಡುಗಿ ಚಟ್ಟದ ಮೂಲೆಯನ್ನು ತಲೆಯ ಮೇಲೆ ಹೊತ್ತು ಮೂರು ಮೈಲಿ ನಡೆದಳು. ಅನಂತರ ಅಕ್ಕ ಕೃಷ್ಣಾಬಾಯಿಯೂ ಕಾಲರಾಕ್ಕೆ ತುತ್ತಾದರು.

ಉಳಿದವರು ಅಣ್ಣ, ತಂಗಿ ಇಬ್ಬರೇ. ಅವರು ದಕ್ಷಿಣದಿಂದ ಕಾಶ್ಮೀರದ ದಿಕ್ಕಿನವರೆಗೆ, ಅಲ್ಲಿಂದ ಬಂಗಾಳದವರೆಗೆ ಸಾವಿರಾರು ಮೈಲಿ ನಡೆದರು. ಪಂಜಾಬಿನ ಝೇಲಂ ನದಿಯ ದಡದಲ್ಲಿ ಚಳಿಗಾಲದ ರಾತ್ರಿ ಹೊದೆಯಲು ಬಟ್ಟೆಯಿಲ್ಲದೆ ಒಣ ಮರಳಿನಲ್ಲಿ ಗೋರಿಯಂತಹ ಗುಂಡಿ ತೋಡಿ, ತಲೆಯನ್ನಷ್ಟೇ ಹೊರಗಿಟ್ಟು ಮೈಯನ್ನು ಹೂತುಕೊಂಡು ಮಲಗಿದರು. ಇಷ್ಟು ತೀರ್ಥಗಳನ್ನು ಮಿಂದರೂ, ಇಷ್ಟು ವ್ರತಗಳನ್ನು ಆಚರಿಸಿದರೂ ಹೆತ್ತವರು ಹಸಿದು ಸತ್ತರಲ್ಲ ಎಂಬ ಸಂಶಯ ಈ ನಡಿಗೆಯಲ್ಲಿಯೇ ಮೊಳೆಯಿತು. ಅವರ ಮುಂದಿನ ಬದುಕಿನ ಎಲ್ಲ ಪ್ರಶ್ನೆಗಳಿಗೂ, ಎಲ್ಲ ಕಾರ್ಯಗಳಿಗೂ ಬೇರು ಈ ಹಸಿವಿನ ಹಾದಿಯಲ್ಲಿದೆ.

ಬಿರುದು ಮತ್ತು ವಿಯೋಗ

1878ರಲ್ಲಿ ಅಣ್ಣತಂಗಿಯರು ಕಲ್ಕತ್ತಾ ತಲುಪಿದರು. ಇಪ್ಪತ್ತರ ತರುಣಿಯೊಬ್ಬಳು ನಿರರ್ಗಳವಾಗಿ ಸಂಸ್ಕೃತ ಮಾತನಾಡುವುದನ್ನು ಕೇಳಿ ಬಂಗಾಳದ ವಿದ್ವಾಂಸರು ಬೆರಗಾದರು. ಪರೀಕ್ಷಿಸಿ ನೋಡಿ ಪಂಡಿತಾ ಮತ್ತು ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿಯನ್ನು ಕೈಗಿತ್ತು ಓದಲು ಪ್ರೋತ್ಸಾಹಿಸಿದರು. ಆದರೆ ಧರ್ಮಶಾಸ್ತ್ರಗಳನ್ನು ಆಳವಾಗಿ ಓದಿದಂತೆಲ್ಲ ಸ್ತ್ರೀಯರ ಮತ್ತು ಶೂದ್ರರ ಬಗ್ಗೆ ಅವು ಹೇಳುವ ಮಾತುಗಳು ಅವರನ್ನು ಕಾಡತೊಡಗಿದವು. ಜನ ಅವರನ್ನು ಸನಾತನ ವಿದ್ಯೆಯ ಪ್ರತಿಮೆಯೆಂದು ಮೆರೆಸುತ್ತಿದ್ದಾಗ ಒಳಗೆ ಆ ವಿದ್ಯೆಯ ಮೇಲಿನ ನಂಬಿಕೆ ಕರಗುತ್ತಿತ್ತು.

1880ರಲ್ಲಿ ಅಣ್ಣ ಶ್ರೀನಿವಾಸರು ಢಾಕಾದಲ್ಲಿ ತೀರಿಕೊಂಡರು. ಅದೇ ವರ್ಷ ರಮಾಬಾಯಿ ಅಣ್ಣನ ಸ್ನೇಹಿತ, ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ನೋಂದಣಿ ವಿವಾಹವಾದರು. ವರ ಶೂದ್ರರೆಂದು ಎಣಿಸಲ್ಪಟ್ಟ ಜಾತಿಯವರು, ಪರಪ್ರಾಂತ್ಯದವರು. ಎರಡೂ ಕಡೆಯ ಸಮಾಜ ಅವರನ್ನು ಹೊರಗಿಟ್ಟಿತು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. 1881ರ ಏಪ್ರಿಲಿನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಗಂಡನನ್ನು ಕರೆದೊಯ್ದಿತು. ಇಪ್ಪತ್ತನಾಲ್ಕು ತುಂಬುವ ಮೊದಲೇ ರಮಾಬಾಯಿ ಕೈಗೂಸಿನೊಂದಿಗೆ ವಿಧವೆಯಾದರು.

ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಸಣ್ಣ ಪ್ರತಿಯೊಂದು ಸಿಕ್ಕಿತ್ತು. ಅಲ್ಲಿದ್ದ ಬ್ಯಾಪ್ಟಿಸ್ಟ್ ಪಾದ್ರಿಯೊಬ್ಬರು ಅದರ ಕಥೆಗಳನ್ನು ವಿವರಿಸಿದ್ದರು. ಕ್ರೈಸ್ತ ಧರ್ಮದ ಕಡೆ ಹೆಂಡತಿ ವಾಲುವುದು ಗಂಡನಿಗೆ ಇಷ್ಟವಿರಲಿಲ್ಲ. ಆಗ ಅದು ಒಂದು ಕುತೂಹಲವಾಗಿಯೇ ಉಳಿಯಿತು.

ಕಡಲಾಚೆಯ ನಿರ್ಧಾರ

ಗಂಡನ ಮರಣಾನಂತರ ರಮಾಬಾಯಿ ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಬಾಲ್ಯವಿವಾಹವನ್ನು ತಡೆಯುವುದು, ಹೆಣ್ಣುಮಕ್ಕಳಿಗೆ ಓದು ಕಲಿಸುವುದು ಅದರ ಗುರಿ. ಅದೇ ವರ್ಷ ಶಿಕ್ಷಣದ ಕುರಿತ ಹಂಟರ್ ಆಯೋಗದ ಮುಂದೆ ಹಾಜರಾಗಿ, ಈ ದೇಶಕ್ಕೆ ಶಿಕ್ಷಕಿಯರು ಮತ್ತು ಸ್ತ್ರೀ ವೈದ್ಯರು ಅತ್ಯಗತ್ಯವೆಂದು ಪ್ರತಿಪಾದಿಸಿದರು. ತಾವೂ ವೈದ್ಯೆಯಾಗಬೇಕೆಂದು ಹಂಬಲಿಸಿ 1883ರಲ್ಲಿ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗುತ್ತಿದ್ದುದರಿಂದ ವೈದ್ಯಕೀಯದ ಕನಸು ಅಲ್ಲಿಯೇ ಮುರಿಯಿತು.

ವಾಂಟೇಜ್ ಪಟ್ಟಣದ ಆಂಗ್ಲಿಕನ್ ಸನ್ಯಾಸಿನಿಯರು ಅವರಿಗೆ ಆಶ್ರಯ ಕೊಟ್ಟಿದ್ದರು. ಈ ಸನ್ಯಾಸಿನಿಯರು ಲಂಡನ್ನಿನಲ್ಲಿ, ಸಮಾಜವು ಪತಿತೆಯರೆಂದು ತಳ್ಳಿಹಾಕಿದ ಹೆಂಗಸರಿಗಾಗಿ ಒಂದು ಮನೆ ನಡೆಸುತ್ತಿದ್ದರು. ರಮಾಬಾಯಿ ಅದನ್ನು ನೋಡಲು ಹೋದರು. ಅಂತಹ ಹೆಂಗಸರನ್ನು ಶಿಕ್ಷಿಸಬೇಕೆನ್ನುವ ಶಾಸ್ತ್ರವಾಕ್ಯಗಳನ್ನು ಬಲ್ಲ ಅವರಿಗೆ, ಅವರನ್ನು ಪ್ರೀತಿಯಿಂದ ನೋಡಿಕೊಳ್ಳುವವರಿದ್ದಾರೆಂಬುದೇ ಹೊಸ ಸಂಗತಿಯಾಯಿತು. ಇದು ಹೇಗೆ ಸಾಧ್ಯವೆಂದು ಕೇಳಿದಾಗ ಸನ್ಯಾಸಿನಿಯೊಬ್ಬರು ಯೋಹಾನನ ಸುವಾರ್ತೆಯಲ್ಲಿ ಬರುವ ಸಮಾರ್ಯದ ಹೆಂಗಸಿನ ಕಥೆಯನ್ನು ತೋರಿಸಿದರು. ಬಾವಿಯ ಬಳಿ ಬಂದ, ಊರೆಲ್ಲ ಹಳಿದಿದ್ದ ಒಬ್ಬ ಹೆಣ್ಣಿನೊಡನೆ ಯೇಸು ಗೌರವದಿಂದ ಮಾತನಾಡುವ ಪ್ರಸಂಗವದು. ರಮಾಬಾಯಿಯವರ ಮನಸ್ಸು ಅಲ್ಲಿ ತಿರುಗಿತು. ತರ್ಕದಿಂದ ಗೆದ್ದ ಧರ್ಮವಲ್ಲ, ಹೆಣ್ಣಿನ ಸಂಕಟವನ್ನು ಮುಟ್ಟಿದ ಧರ್ಮವೆಂದು ಅದು ಅವರಿಗೆ ಕಂಡಿತು.

1883ರ ಸೆಪ್ಟೆಂಬರ್ 29ರಂದು ತಾಯಿ, ಮಗಳು ಇಬ್ಬರೂ ದೀಕ್ಷಾಸ್ನಾನ ಪಡೆದರು. ಅದಕ್ಕೆ ಕೆಲವೇ ದಿನಗಳ ಮೊದಲು, ಭಾರತದಿಂದ ಅವರ ಜೊತೆಗೆ ಬಂದಿದ್ದ ಗೆಳತಿ ವಾಂಟೇಜಿನಲ್ಲಿಯೇ ಆತ್ಮಹತ್ಯೆ ಮಾಡಿಕೊಂಡಿದ್ದರು. ಹೊಸ ಶ್ರದ್ಧೆಯ ಬಾಗಿಲನ್ನು ಅವರು ದಾಟಿದ್ದು ಇನ್ನೊಂದು ಸಾವಿನ ನೆರಳಿನಲ್ಲಿ.

ಒಪ್ಪಿಕೊಂಡರು, ತಲೆಬಾಗಲಿಲ್ಲ

ಭಾರತದಲ್ಲಿ ಈ ಸುದ್ದಿ ಕೋಲಾಹಲ ಎಬ್ಬಿಸಿತು. ಪಂಡಿತೆಯೆಂದು ಹೊಗಳಿದವರೇ ದ್ರೋಹವೆಂದರು. ಇತ್ತ ಇಂಗ್ಲೆಂಡಿನಲ್ಲಿಯೂ ಅವರಿಗೆ ನೆಮ್ಮದಿಯಿರಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತ, ತಾವೂ ಕಲಿಯುತ್ತ ಇದ್ದ ಅವರು ಗಂಡಸರಿಗೂ ಪಾಠ ಹೇಳಬಹುದೆಂಬ ಪ್ರಸ್ತಾಪ ಬಂದಾಗ ಬಿಷಪ್ಪರು ಅಡ್ಡಿ ಮಾಡಿದರು. ಹೆಣ್ಣು ಹೀಗೆ ಮಾಡಿದರೆ ಭಾರತದಲ್ಲಿ ಗೌರವ ಉಳಿಯದೆಂಬುದು ಅವರ ಕಾರಣ. ಒಂದು ಧರ್ಮದ ಪುರೋಹಿತರ ಅಂಕೆಯಿಂದ ಬಿಡಿಸಿಕೊಂಡು ಬಂದವಳು ಇನ್ನೊಂದು ಧರ್ಮದ ಪುರೋಹಿತರ ಅಂಕೆಗೆ ಸೇರುವವಳಲ್ಲವೆಂದು ರಮಾಬಾಯಿ ಪತ್ರಗಳಲ್ಲಿ ಸ್ಪಷ್ಟಪಡಿಸಿದರು.

ತ್ರಿತ್ವದ ತತ್ತ್ವವನ್ನು ಅವರು ಪ್ರಶ್ನಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇಕೆ, ಸಂಸ್ಕೃತವಿದ್ದರೆ ಆಗದೇ ಎಂದು ಕೇಳಿದರು. ಸಸ್ಯಾಹಾರವನ್ನು ಬಿಡಲಿಲ್ಲ. ಅವರನ್ನು ಮಗಳಂತೆ ಕಂಡ ಸಿಸ್ಟರ್ ಜೆರಾಲ್ಡೀನ್ ಇದನ್ನೆಲ್ಲ ಅಹಂಕಾರವೆಂದು ನೊಂದುಕೊಂಡರು. ಆದರೆ ಈ ಹಟದಲ್ಲಿಯೇ ಅವರ ಶ್ರದ್ಧೆಯ ಸತ್ಯವಿದೆ. ಬೇರೆಯವರು ಕೈಹಿಡಿದು ನಡೆಸುವ ನಂಬಿಕೆ ಅವರಿಗೆ ಬೇಕಿರಲಿಲ್ಲ. ತಮ್ಮ ಬುದ್ಧಿಯನ್ನು ತೆರದೆಯೇ ಪಡೆಯಬಹುದಾದ ಭರವಸೆಯನ್ನು ಅವರು ಹುಡುಕುತ್ತಿದ್ದರು.

1886ರಲ್ಲಿ ಭಾರತದ ಆನಂದಿಬಾಯಿ ಜೋಶಿಯವರು ಫಿಲಡೆಲ್ಫಿಯಾದಲ್ಲಿ ವೈದ್ಯ ಪದವಿ ಪಡೆಯುವ ಸಮಾರಂಭಕ್ಕೆಂದು ರಮಾಬಾಯಿ ಅಮೆರಿಕಕ್ಕೆ ಹೋದರು. ಅಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಉಳಿದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ, ಅದರಲ್ಲಿಯೂ ಬಾಲವಿಧವೆಯರ ದುಃಸ್ಥಿತಿಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಪುಸ್ತಕ 1887ರಲ್ಲಿ ಪ್ರಕಟವಾಗಿ ಸಾವಿರಾರು ಪ್ರತಿ ಮಾರಾಟವಾಯಿತು. ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ರೂಪುಗೊಂಡು ಹತ್ತು ವರ್ಷಗಳ ನೆರವಿನ ಭರವಸೆ ಕೊಟ್ಟಿತು.

ಶಾರದಾ ಸದನದ ಅಗ್ನಿಪರೀಕ್ಷೆ

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ಆರಂಭವಾಯಿತು. ಮುಂದಿನ ವರ್ಷ ಪುಣೆಗೆ ಸ್ಥಳಾಂತರಗೊಂಡಿತು. ಬಾಲವಿಧವೆಯರಿಗೆ ಊಟ, ವಸತಿ, ವಿದ್ಯೆ ಕೊಡುವ ಈ ಮನೆ ಮತಪ್ರಚಾರ ಮಾಡುವುದಿಲ್ಲ ಎಂಬ ವಾಗ್ದಾನದೊಂದಿಗೆ ತೆರೆದಿತ್ತು. ನ್ಯಾಯಮೂರ್ತಿ ರಾನಡೆ, ಡಾ. ಭಂಡಾರ್ಕರ್ ಅವರಂತಹ ಗಣ್ಯರು ಸಲಹಾ ಸಮಿತಿಯಲ್ಲಿದ್ದರು. ಆರಂಭದ ವಿದ್ಯಾರ್ಥಿನಿಯರಲ್ಲಿ ಒಬ್ಬರಾದ ಗೋದೂಬಾಯಿಯವರನ್ನು 1893ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿವಾಹವಾದರು. ಮುಂದೆ ಕರ್ವೆಯವರು ವಿಧವಾಶ್ರಮವನ್ನೂ, 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯವನ್ನೂ ಕಟ್ಟಿದರು. ಆ ದೊಡ್ಡ ಕಥೆಯ ಒಂದು ಎಳೆ ಶಾರದಾ ಸದನದಿಂದ ಹೊರಟದ್ದು.

ಈ ನಡುವೆ ರಮಾಬಾಯಿಯವರ ಒಳಗೊಂದು ಕೊರತೆ ಕಾಡುತ್ತಿತ್ತು. ಧರ್ಮ ಸಿಕ್ಕಿದೆ, ಆದರೆ ಆ ಧರ್ಮದ ಜೀವವಾದ ಕ್ರಿಸ್ತ ಸಿಕ್ಕಿಲ್ಲವೆಂದು ಅವರಿಗೆ ಅನ್ನಿಸಿತು. 1891ರ ಸುಮಾರಿಗೆ ಒಬ್ಬ ಇಂಗ್ಲಿಷ್ ಪಾದ್ರಿಯ ಆತ್ಮಕಥೆಯ ಓದು ಅವರನ್ನು ಆಳವಾಗಿ ಕಲಕಿತು. ದೀಕ್ಷೆಯಾಗಿ ಎಂಟು ವರ್ಷಗಳಾದ ಮೇಲೆ, ದೇವರು ತನ್ನನ್ನು ಇದ್ದಂತೆಯೇ ಸ್ವೀಕರಿಸಿದ್ದಾನೆಂಬ ನೆಮ್ಮದಿ ಅವರಿಗೆ ದೊರೆಯಿತು. ಅಲ್ಲಿಯವರೆಗೆ ವಿಚಾರವಾಗಿದ್ದದ್ದು ಅನುಭವವಾಯಿತು.

ಆದರೆ ಆ ಅನುಭವದ ಬೆಲೆಯೂ ದೊಡ್ಡದಾಗಿತ್ತು. ರಮಾಬಾಯಿಯವರು ಬೆಳಗಿನ ಪ್ರಾರ್ಥನೆಯನ್ನು ಬಾಗಿಲು ತೆರೆದಿಟ್ಟೇ ಮಾಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. 1893ರಲ್ಲಿ ಕೆಲವರು ಕ್ರೈಸ್ತರಾಗಲು ಬಯಸಿದಾಗ ಪುಣೆ ಕೆರಳಿತು. ಟಿಳಕರ ಕೇಸರಿ ಪತ್ರಿಕೆ ತೀವ್ರವಾಗಿ ಟೀಕಿಸಿತು. ಪೋಷಕರು ಹುಡುಗಿಯರನ್ನು ಕರೆದೊಯ್ದರು, ಸಲಹಾ ಸಮಿತಿಯ ಗಣ್ಯರು ರಾಜೀನಾಮೆ ಕೊಟ್ಟರು. ತಟಸ್ಥವಾಗಿರುವೆನೆಂದ ಮನೆಯಲ್ಲಿ ಹೀಗಾಗಬಾರದಿತ್ತೆಂಬುದು ಟೀಕಾಕಾರರ ವಾದ. ಯಾರನ್ನೂ ಬಲವಂತ ಮಾಡಿಲ್ಲ, ತಾನು ಪ್ರಾರ್ಥಿಸುವ ಹಕ್ಕನ್ನಾಗಲಿ, ಹುಡುಗಿಯರು ತಮ್ಮ ಮನಸ್ಸಿನಂತೆ ನಡೆಯುವ ಹಕ್ಕನ್ನಾಗಲಿ ಬಿಟ್ಟುಕೊಡಲಾರೆನೆಂಬುದು ರಮಾಬಾಯಿಯವರ ನಿಲುವು. ಎರಡೂ ಮಾತಿನಲ್ಲಿ ತೂಕವಿತ್ತು. ಅಂದಿನಿಂದ ಅವರು ಹುಟ್ಟಿ ಬೆಳೆದ ಸಮಾಜಕ್ಕೂ ಅವರಿಗೂ ನಡುವಿನ ಸೇತುವೆ ಮುರಿದುಬಿತ್ತು.

ಮತ್ತೆ ಬರ, ಈ ಬಾರಿ ಬಾಗಿಲು ತೆರೆದು

1896ರಲ್ಲಿ ಮಧ್ಯ ಭಾರತದಲ್ಲಿ ಮತ್ತೆ ಕ್ಷಾಮ ತಲೆದೋರಿತು. ಸುದ್ದಿ ಕೇಳಿದಾಗ ರಮಾಬಾಯಿಯವರಿಗೆ ಕಾಡಿನಲ್ಲಿ ಎಲೆ ತಿಂದ ದಿನಗಳು ನೆನಪಾದವು. ತಮ್ಮ ಕುಟುಂಬಕ್ಕೆ ಯಾರೂ ಬರಲಿಲ್ಲ. ಈಗ ತಾವು ಹೋಗಬಹುದಿತ್ತು. ಗಂಜಿ ಕೇಂದ್ರಗಳಲ್ಲಿ, ರಸ್ತೆ ಬದಿಗಳಲ್ಲಿ ಅಲೆದು ಎಲುಬಿನ ಹಂದರವಾಗಿದ್ದ ವಿಧವೆಯರನ್ನೂ, ಅನಾಥ ಹುಡುಗಿಯರನ್ನೂ ಒಟ್ಟುಗೂಡಿಸಿದರು. ಹಸಿದ ಹೆಣ್ಣುಮಕ್ಕಳನ್ನು ಕೊಂಡೊಯ್ಯಲು ಕಾದಿದ್ದ ದಲ್ಲಾಳಿಗಳ ಕೈಯಿಂದ ಕೆಲವರನ್ನು ಬಿಡಿಸಿ ತಂದರು. ಆ ಬರದಲ್ಲಿ ಸುಮಾರು 300 ಮಂದಿ ಅವರ ಆಶ್ರಯಕ್ಕೆ ಬಂದರು.

1897ರಲ್ಲಿ ಪುಣೆಯಲ್ಲಿ ಪ್ಲೇಗ್ ಹಬ್ಬಿತು. ನಗರದ ಮನೆಯಲ್ಲಿ ಅಷ್ಟು ಜನರನ್ನು ಇರಿಸಲು ಅಧಿಕಾರಿಗಳು ಬಿಡಲಿಲ್ಲ. ಅವರೆಲ್ಲರನ್ನು ಕೇಡಗಾಂವದಲ್ಲಿ ಕೊಂಡಿದ್ದ ಬರಡು ಜಮೀನಿಗೆ ಕರೆದೊಯ್ದರು. ಸರ್ಕಾರದ ಪ್ಲೇಗ್ ಆಸ್ಪತ್ರೆಯಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆಯಿಲ್ಲವೆಂದು ಪತ್ರಿಕೆಗೆ ಬರೆದು ಬ್ರಿಟಿಷ್ ಅಧಿಕಾರಿಗಳ ಮುನಿಸಿಗೂ ಗುರಿಯಾದರು. ಬಾವಿಗಳನ್ನು ತೋಡಿಸಿದರು, ಗುಡಿಸಲುಗಳು ಕಟ್ಟಡಗಳಾದವು. 1898ರಲ್ಲಿ ಆ ನೆಲೆಗೆ ಮುಕ್ತಿ ಎಂಬ ಹೆಸರಿನಲ್ಲಿ ಪ್ರತಿಷ್ಠಾಪನೆಯಾಯಿತು. 1900ರಲ್ಲಿ ಗುಜರಾತಿನ ಬರದ ಬಳಿಕ ಅಲ್ಲಿನ ನಿವಾಸಿಗಳ ಸಂಖ್ಯೆ ಎರಡು ಸಾವಿರದ ಹತ್ತಿರಕ್ಕೆ ಏರಿತು.

ತಂದೆತಾಯಿ ದುಡಿಮೆ ಗೊತ್ತಿಲ್ಲದೆ ಹಸಿದು ಸತ್ತದ್ದನ್ನು ರಮಾಬಾಯಿ ಮರೆತಿರಲಿಲ್ಲ. ಆದ್ದರಿಂದ ಮುಕ್ತಿಯಲ್ಲಿ ಪ್ರತಿಯೊಬ್ಬಳೂ ಓದಿನ ಜೊತೆಗೆ ಒಂದು ಕಸುಬನ್ನು ಕಲಿಯಬೇಕಿತ್ತು. ನೇಯ್ಗೆ, ಬೇಸಾಯ, ಹೈನುಗಾರಿಕೆ, ಎಣ್ಣೆ ಗಾಣ, ಹೊಲಿಗೆ, ಮುದ್ರಣ ಎಲ್ಲವನ್ನೂ ಹೆಂಗಸರೇ ನಡೆಸಿದರು. ಅನ್ಯಾಯಕ್ಕೊಳಗಾದ ಹೆಂಗಸರಿಗಾಗಿ ಕೃಪಾ ಸದನ ತೆರೆಯಿತು. ಲಂಡನ್ನಿನ ಆ ಮನೆಯನ್ನು ಕಂಡ ದಿನ ಬಿದ್ದ ಬೀಜ ಹೀಗೆ ಫಲಿಸಿತು. ಕುರುಡು ಹೆಣ್ಣುಮಕ್ಕಳಿಗೆ ಬ್ರೈಲ್ ಲಿಪಿಯಲ್ಲಿ ಓದು ಕಲಿಸುವ ವ್ಯವಸ್ಥೆಯನ್ನು ಮಗಳು ಮನೋರಮಾ ವಹಿಸಿಕೊಂಡರು.

ಇಲ್ಲಿ ಇನ್ನು ತಟಸ್ಥತೆಯ ವಾಗ್ದಾನ ಇರಲಿಲ್ಲ. ಮುಕ್ತಿ ಬಹಿರಂಗವಾಗಿಯೇ ಕ್ರೈಸ್ತ ಸಂಸ್ಥೆಯಾಗಿತ್ತು. ಹಸಿದು ಬಂದವರ ಮತಾಂತರ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಅಂದೂ ಎದ್ದಿತ್ತು, ಇಂದೂ ಏಳುತ್ತದೆ. ಆ ಪ್ರಶ್ನೆಯನ್ನು ತಳ್ಳಿಹಾಕಬೇಕಿಲ್ಲ. ಅದರ ಪಕ್ಕದಲ್ಲಿಯೇ ಇನ್ನೊಂದು ಪ್ರಶ್ನೆಯನ್ನೂ ಇಡಬೇಕು. ಅಂದು ಆ ಹೆಣ್ಣುಮಕ್ಕಳ ಬಳಿಗೆ ಬೇರೆ ಯಾರು ಹೋಗಿದ್ದರು?

ಕಲಬುರಗಿಗೆ ಬಂದ ತಾಯಿಮಗಳು

ಮುಕ್ತಿ ಬೇರೂರಿದ ಮೇಲೆ ರಮಾಬಾಯಿಯವರ ದೃಷ್ಟಿ ರೈಲು ಹಳಿಯ ಗುಂಟ ಪೂರ್ವಕ್ಕೆ ಹರಿಯಿತು. 1912ರಲ್ಲಿ ಅವರ ಬಳಗ ಅಂದಿನ ಗುಲ್ಬರ್ಗದಲ್ಲಿ ಒಂದು ಕ್ರೈಸ್ತ ಪ್ರೌಢಶಾಲೆಯನ್ನು ಆರಂಭಿಸಿತು. ಅದರ ಹೊಣೆ ಹೊತ್ತವರು ಮನೋರಮಾಬಾಯಿ. ಆಗ ಈ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತದ ಭಾಷೆ ಉರ್ದು, ಜನರ ಮಾತು ಕನ್ನಡ, ಮರಾಠಿ, ತೆಲುಗು, ದಖನಿ. ಆಳಂದ, ಅಫಜಲಪುರ, ಜೇವರ್ಗಿಯ ಬಯಲುಗಳಲ್ಲಿ ಹೆಣ್ಣುಮಗು ಶಾಲೆಯ ಮೆಟ್ಟಿಲು ಹತ್ತುವುದು ಅಪರೂಪದಲ್ಲಿ ಅಪರೂಪ. ಮಳೆ ಕೈಕೊಟ್ಟರೆ ಜೋಳವೂ ಇಲ್ಲ, ತೊಗರಿಯೂ ಇಲ್ಲವೆನ್ನುವ ಸೀಮೆಯದು. ಹಸಿವನ್ನು ಬಲ್ಲ ಆ ತಾಯಿಗೆ ಈ ನೆಲ ಅಪರಿಚಿತವಾಗಿ ಕಂಡಿರಲಾರದು.

ಮನೋರಮಾಬಾಯಿ ತಾಯಿಗೆ ಮಗಳು ಮಾತ್ರವಾಗಿರಲಿಲ್ಲ. ಕಿವಿ ಮಂದವಾಗಿದ್ದ ತಾಯಿಗೆ ಅವರೇ ಕಿವಿ, ಸಂಸ್ಥೆಗೆ ಅವರೇ ನಾಳಿನ ಆಸರೆ. ಆದರೆ ಮಿತಿಮೀರಿದ ದುಡಿಮೆಯಿಂದ ಅವರ ಆರೋಗ್ಯ ಕುಸಿಯಿತು. 1921ರ ಜುಲೈ 24ರಂದು, ನಲವತ್ತರ ವಯಸ್ಸಿನಲ್ಲಿ, ಮನೋರಮಾ ತೀರಿಕೊಂಡರು. ಅರವತ್ತಮೂರರ ರಮಾಬಾಯಿಯವರಿಗೆ ಉಳಿದಿದ್ದ ಒಂದೇ ರಕ್ತಸಂಬಂಧವೂ ಕಡಿಯಿತು.

ಆ ಹೊತ್ತಿನಲ್ಲಿ ಅವರ ಮೇಜಿನ ಮೇಲೊಂದು ಮುಗಿಯದ ಕೆಲಸವಿತ್ತು. ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಯಲ್ಲಿ ಇಡೀ ಬೈಬಲ್ಲನ್ನು ಅನುವಾದಿಸಲೆಂದು ಅವರು ನಡುವಯಸ್ಸಿನಲ್ಲಿ ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತಿದ್ದರು. ಒಂದೂವರೆ ದಶಕಕ್ಕೂ ಮೀರಿದ ಪರಿಶ್ರಮವದು. ಅಕ್ಷರ ಜೋಡಿಸಿದವರು ಮುಕ್ತಿಯ ಹೆಣ್ಣುಮಕ್ಕಳೇ. ಮಗಳನ್ನು ಮಣ್ಣು ಮಾಡಿ ಬಂದ ತಾಯಿ ಮತ್ತೆ ಕರಡು ತಿದ್ದಲು ಕುಳಿತರು. 1922ರ ಏಪ್ರಿಲ್ 5ರಂದು ಅವರು ನಿದ್ರೆಯಲ್ಲಿಯೇ ಪ್ರಾಣ ಬಿಟ್ಟರು. ಆ ಬೈಬಲ್ 1924ರಲ್ಲಿ ಹೊರಬಂತು.

ಉಳಿದದ್ದು

ಬ್ರಿಟಿಷ್ ಸರ್ಕಾರ 1919ರಲ್ಲಿ ಅವರಿಗೆ ಕೈಸರ್ ಎ ಹಿಂದ್ ಪದಕ ನೀಡಿತ್ತು. ಸ್ವತಂತ್ರ ಭಾರತ 1989ರಲ್ಲಿ ಅವರ ಸ್ಮರಣೆಗೆ ಅಂಚೆಚೀಟಿ ಹೊರತಂದಿತು. ಯಾವ ಆಂಗ್ಲಿಕನ್ ಸಭೆಯ ಹಿರಿಯರೊಡನೆ ಅವರು ಜಗಳವಾಡಿದ್ದರೋ ಅದೇ ಸಭೆ ಈಗ ತನ್ನ ಪಂಚಾಂಗದಲ್ಲಿ ಪ್ರತಿ ಏಪ್ರಿಲ್ 30ರಂದು ಅವರನ್ನು ಸ್ಮರಿಸುತ್ತದೆ. ಕೇಡಗಾಂವದ ಮುಕ್ತಿ ಮಿಷನ್ ಇಂದಿಗೂ ಹೆಣ್ಣುಮಕ್ಕಳಿಗೆ ಬಾಗಿಲು ತೆರೆದಿದೆ.

ಕಲಬುರಗಿಯ ನೆಲವೂ ಬಹಳ ಬದಲಾಗಿದೆ. 1948ರಲ್ಲಿ ನಿಜಾಮರ ಆಳ್ವಿಕೆ ಕೊನೆಗೊಂಡಿತು, 1956ರಲ್ಲಿ ಈ ಜಿಲ್ಲೆ ಕನ್ನಡ ನಾಡನ್ನು ಸೇರಿತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಆದರೆ ಬರ ಬಂದಾಗ ಗುಳೆ ಹೊರಡುವ ಕುಟುಂಬಗಳು ಇಂದಿಗೂ ಪುಣೆ, ಮುಂಬಯಿಯ ರೈಲನ್ನೇ ಹಿಡಿಯುತ್ತವೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದಾಗ ಅಫಜಲಪುರ, ಜೇವರ್ಗಿಯ ದಡದ ಹಳ್ಳಿಗಳು ಮನೆಮಾರು ಬಿಟ್ಟು ಎತ್ತರದ ಜಾಗಗಳನ್ನು ಅರಸಿದವು. ಕಷ್ಟದ ಕಾಲದಲ್ಲಿ ಶಾಲೆಯಿಂದ ಮೊದಲು ಹೊರಬೀಳುವವಳು ಹೆಣ್ಣುಮಗಳೆಂಬುದು ಹಳೆಯ ಮಾತಾಗಿಲ್ಲ.

ಹೀಗಾಗಿ ರಮಾಬಾಯಿಯವರ ಬದುಕು ಗತಕಾಲದ ಕಥೆಯಾಗಿ ಮಾತ್ರ ಉಳಿಯುವುದಿಲ್ಲ. ಅವರ ಧರ್ಮವನ್ನು ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. ಆದರೆ ನಂಬಿಕೆಯೆಂಬುದು ದುಃಖದಿಂದ ತಪ್ಪಿಸಿಕೊಳ್ಳುವ ಹಾದಿಯಲ್ಲ ಎಂಬುದನ್ನು ಅವರ ಬದುಕಿನಷ್ಟು ನಿಚ್ಚಳವಾಗಿ ತೋರಿಸುವ ನಿದರ್ಶನಗಳು ಕಡಿಮೆ. ಕ್ರಿಸ್ತನನ್ನು ನಂಬಿದ ಮೇಲೂ ಸಾವುಗಳು ನಿಲ್ಲಲಿಲ್ಲ, ನಿಂದೆ ಕಡಿಮೆಯಾಗಲಿಲ್ಲ, ಕಿವಿ ಕೇಳಿಸಲಿಲ್ಲ. ಅವರಿಗೆ ಸಿಕ್ಕದ್ದು ಇಷ್ಟೇ: ತನ್ನ ನೋವು ವ್ಯರ್ಥವಲ್ಲ, ಅದರಿಂದ ಇನ್ನೊಬ್ಬರ ನೋವನ್ನು ಗುರುತಿಸಬಹುದು ಎಂಬ ಧೈರ್ಯ. ತಾಯಿಯ ಚಟ್ಟವನ್ನು ತಲೆಯ ಮೇಲೆ ಹೊತ್ತ ಹುಡುಗಿ ಮುಂದೆ ಸಾವಿರಾರು ಅನಾಥೆಯರ ಭಾರವನ್ನು ಹೊತ್ತದ್ದು ಆ ಧೈರ್ಯದಿಂದ.